ಹಳೆ ಡಸ್ಟರ್ ಡೀಸೆಲ್: ಕೊಳ್ಳುವ ಮುನ್ನ ಏನೇನು ನೋಡಬೇಕು, ರಿಪೇರಿಗೆ ಎಷ್ಟು ತೆಗೆದಿಡಬೇಕು

ರೆನೊ ಡಸ್ಟರ್ ಭಾರತದ ಮಾರುಕಟ್ಟೆಗೆ ಬಂದದ್ದು 2012ರ ಜುಲೈನಲ್ಲಿ. ಚೆನ್ನೈ ಬಳಿಯ ಒರಗಡಂ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಈ ಎಸ್‌ಯುವಿಯ ಡೀಸೆಲ್ ಮಾದರಿ 2020ರಲ್ಲಿ ಬಿಎಸ್-6 ನಿಯಮ ಜಾರಿಯಾದಾಗ ನಿಂತುಹೋಯಿತು. ಹೀಗಾಗಿ ಈಗ ಮಾರಾಟಕ್ಕೆ ಸಿಗುವ ಯಾವ ಡೀಸೆಲ್ ಡಸ್ಟರೂ ಹೊಸತಲ್ಲ. ಆದರೂ 205 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಮತ್ತು ಹದಗೆಟ್ಟ ರಸ್ತೆಯಲ್ಲೂ ಮೈ ಕುಲುಕಿಸದ ಸಸ್ಪೆನ್ಷನ್ ಕಾರಣಕ್ಕೆ ಇದನ್ನು ಹುಡುಕಿಕೊಂಡು ಬರುವವರು ಕಡಿಮೆಯಾಗಿಲ್ಲ.

ಎಲ್ಲ ಡೀಸೆಲ್ ಡಸ್ಟರ್‌ಗಳಲ್ಲೂ ಇರುವುದು 1,461 ಸಿಸಿಯ ಒಂದೇ ಎಂಜಿನ್, ಶಕ್ತಿ ಮಾತ್ರ ಎರಡು ಬಗೆ. 85 ಪಿಎಸ್ ಗಾಡಿಗೆ ಐದು ಗೇರ್, 110 ಪಿಎಸ್ ಗಾಡಿಗೆ ಆರು. ಗೇರ್ ನಾಬ್ ನೋಡಿದರೆ ಯಾವುದೆಂದು ತಿಳಿಯುತ್ತದೆ. 2014ರಲ್ಲಿ ಬಂದ ನಾಲ್ಕೂ ಚಕ್ರ ಚಾಲನೆಯ ಮಾದರಿ 110ರಲ್ಲಿ ಮಾತ್ರ ಉಂಟು. 85ರದು ಸರಳ ಟರ್ಬೊ, ಹೀಗಾಗಿ ರಿಪೇರಿ ಅಗ್ಗ. 110ಕ್ಕೆ ಹೆದ್ದಾರಿಯಲ್ಲಿ ಎಳೆತ ಹೆಚ್ಚು, ಕೆಟ್ಟಾಗ ಬಿಲ್ಲೂ ಹೆಚ್ಚು. ಊರೊಳಗಿನ ಓಡಾಟಕ್ಕೆ 85 ಸಾಕು.

ಮಾರುವವರು ಹೇಳುವ ಬೆಲೆಗೆ ಬಾಕಿ ಉಳಿದ ರಿಪೇರಿಯ ಖರ್ಚನ್ನೂ ಕೂಡಿಸಿದಾಗಲೇ ಹಳೆ ಗಾಡಿಯ ನಿಜವಾದ ಬೆಲೆ ಗೊತ್ತಾಗುವುದು. ಮುಂದೆ ಕೊಟ್ಟಿರುವ ಮೊತ್ತಗಳು ಬೆಂಗಳೂರಿನಂಥ ನಗರದ ಖಾಸಗಿ ಗ್ಯಾರೇಜಿನಲ್ಲಿ ಬಿಡಿಭಾಗ, ಕೂಲಿ ಎರಡೂ ಸೇರಿದ ಸ್ಥೂಲ ಅಂದಾಜು. ಊರಿಂದ ಊರಿಗೆ ವ್ಯತ್ಯಾಸ ಇದ್ದೇ ಇರುತ್ತದೆ, ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಇನ್ನೂ ಹೆಚ್ಚಾಗುತ್ತದೆ.

ಮೊದಲು ಕಾಗದ, ಆಮೇಲೆ ಗಾಡಿ

ಸರ್ವಿಸ್ ಬಿಲ್ಲುಗಳು ಮತ್ತು ಜಾಬ್ ಕಾರ್ಡ್‌ಗಳನ್ನು ಕೇಳಿ ಪಡೆಯಬೇಕು. ಅವುಗಳಲ್ಲಿ ನಮೂದಾದ ಕಿಲೋಮೀಟರ್ ವರ್ಷದಿಂದ ವರ್ಷಕ್ಕೆ ಏರುತ್ತ ಬಂದಿರಬೇಕು. ನಡುವೆ ಎಲ್ಲಾದರೂ ಇಳಿದಿದ್ದರೆ ಮೀಟರ್ ತಿರುಗಿಸಲಾಗಿದೆ. ಮೀಟರ್ 45,000 ಎನ್ನುತ್ತಿದ್ದು, ಕ್ಲಚ್ ಪೆಡಲ್ಲಿನ ರಬ್ಬರ್ ನುಣುಪಾಗಿ ಸವೆದು, ಸ್ಟೀರಿಂಗಿನ ಮೇಲ್ಪದರ ಸುಲಿದಿದ್ದರೆ ಆ ಸಂಖ್ಯೆಯನ್ನು ನಂಬುವಂತಿಲ್ಲ. ಟೈರಿನ ಬದಿಯಲ್ಲಿರುವ ನಾಲ್ಕಂಕಿಯನ್ನೂ ಓದಬೇಕು: 2319 ಎಂದಿದ್ದರೆ ಆ ಟೈರ್ 2019ರ 23ನೇ ವಾರದಲ್ಲಿ ತಯಾರಾದದ್ದು.

ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ನಿರ್ಬಂಧ ಬಂದ ನಂತರ ಅಲ್ಲಿನ ಗಾಡಿಗಳು ಕಡಿಮೆ ಬೆಲೆಗೆ ದಕ್ಷಿಣಕ್ಕೂ ಬರುತ್ತಿವೆ. ಎನ್‌ಒಸಿ ತರಿಸಿ, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಿ, ಮರುನೋಂದಣಿ ಮಾಡಿಸುವಷ್ಟರಲ್ಲಿ ಆ ಅಗ್ಗದ ಬಹುಪಾಲು ಕರಗಿರುತ್ತದೆ. 2015ರ ಚೆನ್ನೈ ಪ್ರವಾಹ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು ಸುತ್ತಮುತ್ತ ನುಗ್ಗಿದ ನೀರು ಸಾಕಷ್ಟು ಕಾರುಗಳನ್ನು ಮುಳುಗಿಸಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿದಾಗ ಕೆಸರಿನ ಗೆರೆ ಕಂಡರೆ, ಕಾರ್ಪೆಟ್ ಎತ್ತಿದಾಗ ಸೀಟಿನ ಬೋಲ್ಟುಗಳು ತುಕ್ಕು ಹಿಡಿದಿದ್ದರೆ, ಚೌಕಾಸಿಗೂ ನಿಲ್ಲದೆ ವಾಪಸ್ ಬರುವುದು ಒಳಿತು. ವೈರಿಂಗಿಗೆ ನೀರು ಹೊಕ್ಕ ಗಾಡಿಯ ತೊಂದರೆ ಒಂದು ರಿಪೇರಿಗೆ ಮುಗಿಯುವುದಿಲ್ಲ.

ಟೈಮಿಂಗ್ ಬೆಲ್ಟ್: ಸದ್ದಿಲ್ಲದ ದೊಡ್ಡ ಖರ್ಚು

ಕ್ರೆಟಾ, ಎಕ್ಸ್‌ಯುವಿ500 ಡೀಸೆಲ್‌ಗಳಲ್ಲಿ ಟೈಮಿಂಗ್ ಚೈನ್ ಇದೆ. ಡಸ್ಟರ್ ಡೀಸೆಲ್‌ನಲ್ಲಿರುವುದು ರಬ್ಬರ್ ಬೆಲ್ಟ್. ಕ್ರ್ಯಾಂಕಿನ ತಿರುಗುವಿಕೆಯನ್ನು ಕ್ಯಾಮ್‌ಶಾಫ್ಟಿಗೆ ತಲುಪಿಸುವುದು ಇದೇ. ಡೀಸೆಲ್ ಪಂಪ್, ವಾಟರ್ ಪಂಪ್‌ಗಳನ್ನು ತಿರುಗಿಸುವುದೂ ಇದೇ. ಚೈನ್ ಸಡಿಲಾದರೆ ಕರಕರ ಸದ್ದು ಮಾಡಿ ಎಚ್ಚರಿಸುತ್ತದೆ. ಬೆಲ್ಟ್ ಹಾಗಲ್ಲ, ಓಡುವವರೆಗೂ ಸುಮ್ಮನೆ ಓಡಿ ಒಂದು ದಿನ ಹರಿಯುತ್ತದೆ. ಆಗ ತೆರೆದಿರುವ ವಾಲ್ವ್‌ಗಳಿಗೆ ಮೇಲೆ ಬರುವ ಪಿಸ್ಟನ್ ಬಡಿದು ವಾಲ್ವ್‌ಗಳು ಬಾಗುತ್ತವೆ. ಸಿಲಿಂಡರ್ ಹೆಡ್ ಇಳಿಸಿ ಸರಿಪಡಿಸಲು 60,000 ರೂಪಾಯಿಯಿಂದ ಲಕ್ಷದ ಮೇಲೂ ಹೋಗಬಹುದು.

ಇದನ್ನು ತಪ್ಪಿಸುವ ಖರ್ಚು 10,000ದಿಂದ 16,000 ರೂ. ಅಷ್ಟರಲ್ಲಿ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಎಲ್ಲವೂ ಹೊಸದಾಗುತ್ತವೆ. ವಾಟರ್ ಪಂಪ್ ಬಿಟ್ಟು ಬೆಲ್ಟ್ ಮಾತ್ರ ಹಾಕಿಸಿ ಎರಡು ಮೂರು ಸಾವಿರ ಉಳಿಸಿದರೆ, ಪಂಪ್ ಸೋರಿದ ದಿನ ಅದೇ ಕೂಲಿಯನ್ನು ಮತ್ತೊಮ್ಮೆ ತೆರಬೇಕಾಗುತ್ತದೆ. ಹೊರಗಿನ ಆಲ್ಟರ್ನೇಟರ್ ಬೆಲ್ಟನ್ನೂ ಆಗಲೇ ಬದಲಿಸಬೇಕು. ಅದು ಎಳೆ ಎಳೆಯಾಗಿ ಹರಿದು ಟೈಮಿಂಗ್ ಕವರಿನೊಳಗೆ ಸೇರಿಕೊಂಡರೂ ಒಳಗಿನ ಬೆಲ್ಟಿಗೆ ಅಪಾಯ. 80,000ದಿಂದ ಒಂದು ಲಕ್ಷ ಕಿ.ಮೀ. ನಡುವೆ ಅಥವಾ ಐದಾರು ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ಈ ಕೆಲಸ ಆಗಬೇಕು. ಕಡಿಮೆ ಓಡಿದ ಗಾಡಿಯಾದರೂ ರಬ್ಬರಿಗೆ ವಯಸ್ಸಾಗುತ್ತದೆ. ‘ಬೆಲ್ಟ್ ಹಾಕಿಸಿದ್ದೇವೆ’ ಎಂಬ ಬಾಯಿಮಾತು ಸಾಲದು. ಬಿಲ್ ಇಲ್ಲದಿದ್ದರೆ ಹಾಕಿಸಿಲ್ಲ ಎಂದೇ ಲೆಕ್ಕ.

ತಣ್ಣಗಿರುವ ಎಂಜಿನ್ ಚಾಲೂ ಮಾಡಿ ನೋಡುವುದು

ಗಾಡಿ ನೋಡಲು ಬೆಳಿಗ್ಗೆ ಹೋಗಬೇಕು, ಮೊದಲು ಬಾನೆಟ್ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಯಾರೋ ಮೊದಲೇ ಸ್ಟಾರ್ಟ್ ಮಾಡಿದ್ದಾರೆ. ತಣ್ಣಗಿರುವ ಎಂಜಿನ್ ಹೆಚ್ಚು ಹೊತ್ತು ತಿರುಗಿಸದೆ ಹತ್ತಬೇಕು. ಕಪ್ಪು ಹೊಗೆ ಬಂದರೆ, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್‌ನಲ್ಲಿ ಮಸಿ ಕಟ್ಟಿದೆ ಅಥವಾ ಇಂಜೆಕ್ಟರ್ ಹದ ತಪ್ಪಿದೆ ಎಂಬ ಅನುಮಾನ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ, ದೋಷ ಟರ್ಬೊ ಸೀಲಿನದೋ ಎಂಜಿನ್ ಒಳಗಿನದೋ ಇರಬಹುದು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲಂಟ್ ಟ್ಯಾಂಕಿನ ನೀರಿನ ಮೇಲೆ ಜಿಡ್ಡು ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು.

ಇಜಿಆರ್ ಬಿಚ್ಚಿ ತೊಳೆಯಲು 2,000ದಿಂದ 4,000 ಸಾಕು. ಇಂಜೆಕ್ಟರ್ ಸರ್ವಿಸ್‌ಗೆ ಒಂದಕ್ಕೆ ಮೂರು ಸಾವಿರದ ಆಸುಪಾಸು, ಹೊಸದಾದರೆ ಒಂದಕ್ಕೆ 12,000 ಮೇಲೆಯೇ. ಎಂಜಿನ್ನಿನಲ್ಲಿ ನಾಲ್ಕು ಇರುತ್ತವೆ. ಹೊಸ ಇಂಜೆಕ್ಟರ್ ಮೇಲಿನ ಕೋಡನ್ನು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ಬರೆಸಬೇಕು. ಸ್ಕ್ಯಾನರ್ ಇಲ್ಲದ ಗ್ಯಾರೇಜಿನಲ್ಲಿ ಆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಟರ್ಬೊ ರಿಪೇರಿ 15,000ದಿಂದ 25,000. 110ರ ಹೊಸ ಟರ್ಬೊ ಅದರ ಎರಡರಷ್ಟು ಮೀರಬಹುದು. ವೇಳೆಗೆ ಸರಿಯಾಗಿ ಆಯಿಲ್ ಬದಲಿಸದ ಗಾಡಿಗಳಲ್ಲೇ ಟರ್ಬೊ ಬೇಗ ಸೋಲುವುದರಿಂದ ಸರ್ವಿಸ್ ಬಿಲ್ಲುಗಳಿಗೆ ಇಲ್ಲಿಯೂ ಬೆಲೆಯಿದೆ.

ಓಡಿಸಿ ನೋಡುವುದು

ಕನಿಷ್ಠ ಅರ್ಧ ಗಂಟೆ ಓಡಿಸಬೇಕು, ರಸ್ತೆಯಲ್ಲಿ ಒಂದಿಷ್ಟು ಏರು ಇರಬೇಕು. ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಏಕಾಏಕಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಪೆಡಲ್ ವಿಪರೀತ ಗಟ್ಟಿಯಾಗಿದ್ದರೂ ಅದೇ ಸೂಚನೆ. ಪ್ಲೇಟ್, ಕವರ್, ಬೇರಿಂಗ್ ಸೇರಿದ ಕ್ಲಚ್ ಸೆಟ್ಟಿಗೆ 13,000ದಿಂದ 22,000. ಫ್ಲೈವೀಲ್ ಕೂಡ ಹೋಗಿದ್ದರೆ ಖರ್ಚು ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದಾದ್ದರಿಂದ ಬೇರಿಂಗ್ ಹಳೆಯದನ್ನೇ ಬಿಡುವುದು ಜಾಣತನವಲ್ಲ.

2016ರ ನಂತರದ ಎಎಂಟಿ (ಗೇರ್ ತಾನೇ ಬದಲಾಗುವ) ಗಾಡಿಯಲ್ಲಿ ಕ್ಲಚ್ ಪೆಡಲ್ ಇಲ್ಲದಿದ್ದರೂ ಒಳಗೆ ಕ್ಲಚ್ ಇದ್ದೇ ಇದೆ. ಏರಿನಲ್ಲಿ ಜರ್ಕ್ ಹೊಡೆಯುತ್ತಿದ್ದರೆ ಸ್ಕ್ಯಾನರ್ ಹಾಕಿಸದೆ ಮುಂದುವರಿಯಬಾರದು.

ಹಂಪ್ ದಾಟುವಾಗ ಮುಂಭಾಗದಲ್ಲಿ ಕೇಳುವ ‘ಟಕ್ ಟಕ್’ ಸದ್ದು ಬಹಳ ಮಟ್ಟಿಗೆ ಲಿಂಕ್ ರಾಡ್ ಇಲ್ಲವೇ ಲೋವರ್ ಆರ್ಮ್ ಬುಷ್‌ನದು. ಅದಕ್ಕೆ ಹೆದರಬೇಕಾಗಿಲ್ಲ. ಲಿಂಕ್ ರಾಡ್ ಒಂದಕ್ಕೆ ಸಾವಿರದ ಆಸುಪಾಸು, ಲೋವರ್ ಆರ್ಮ್ ಒಂದಕ್ಕೆ 2,500ರಿಂದ 4,000. ಶಾಕ್ ಅಬ್ಸಾರ್ಬರ್‌ನಲ್ಲಿ ಆಯಿಲ್ ಸೋರಿದ್ದರೆ ಜೋಡಿಯಾಗಿಯೇ ಬದಲಿಸಬೇಕು; ಮುಂಭಾಗವನ್ನು ಪೂರ್ತಿ ಸರಿಮಾಡಿಸಲು 15,000ದಿಂದ 25,000 ಆಗುತ್ತದೆ. ವೇಗ ಏರಿದಂತೆ ಗುಂಯ್‌ಗುಡುವುದು ವೀಲ್ ಬೇರಿಂಗ್, ಒಂದಕ್ಕೆ 2,500 ಮೇಲೆ. ಬ್ರೇಕ್ ಪ್ಯಾಡ್ ಎಲ್ಲ ಕಾರುಗಳಿಗೂ ಇರುವ ಖರ್ಚೇ.

ಮರೆಯಬಾರದ್ದು ಎಸಿ. ಮಧ್ಯಾಹ್ನದ ಬಿಸಿಲಲ್ಲಿ ಗಾಡಿ ನಿಲ್ಲಿಸಿ ಹತ್ತು ನಿಮಿಷ ಎಸಿ ಓಡಿಸಬೇಕು. ‘ಗ್ಯಾಸ್ ತುಂಬಿಸಿದರೆ ಸಾಕು’ ಎನ್ನುವುದು ಮಾರುವವರ ಮಾಮೂಲಿ ಉತ್ತರ. ಗ್ಯಾಸ್‌ಗೆ ಎರಡು ಸಾವಿರದ ಆಸುಪಾಸು ನಿಜ, ಆದರೆ ಅದು ಸೋರದೆ ಖಾಲಿಯಾಗುವುದಿಲ್ಲ. ಸೋರಿಕೆ ಕೂಲಿಂಗ್ ಕಾಯಿಲಿನದಾದರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕು, 10,000 ದಾಟುತ್ತದೆ. ಕಂಪ್ರೆಸರ್ ಹೋಗಿದ್ದರೆ 18,000ದಿಂದ 30,000.

ರ‍್ಯಾಂಪ್ ಮೇಲೆ, ನಂತರ ಕಾಗದದ ಮೇಲೆ

ಪರಿಚಯದ ಮೆಕ್ಯಾನಿಕ್ ಬಳಿ ಗಾಡಿಯನ್ನು ರ‍್ಯಾಂಪ್ ಏರಿಸಿ, ಸ್ಕ್ಯಾನ್ ಮಾಡಿಸಲು ಸಾವಿರ, ಎರಡು ಸಾವಿರ ರೂಪಾಯಿ ಖರ್ಚಾದರೂ ಅಡ್ಡಿಯಿಲ್ಲ. ಗೇರ್‌ಬಾಕ್ಸ್, ಆಕ್ಸಲ್ ಬೂಟ್, ಪವರ್ ಸ್ಟೀರಿಂಗ್ ಪೈಪ್‌ಗಳ ಸೋರಿಕೆ, ಅಪಘಾತದ ವೆಲ್ಡಿಂಗ್ ಗುರುತು ಕೆಳಗಿನಿಂದ ಮಾತ್ರ ಕಾಣುತ್ತವೆ. ಇದಕ್ಕೆ ಮಾರುವವರು ಒಪ್ಪದಿದ್ದರೆ ಬೇರೆ ಗಾಡಿ ನೋಡುವುದೇ ಮೇಲು.

ನಂತರ ಲೆಕ್ಕ ಹಾಕಬೇಕು. ಉದಾಹರಣೆಗೆ, ಒಂದು ಲಕ್ಷ ಕಿ.ಮೀ. ಸಮೀಪಿಸಿದ 110 ಪಿಎಸ್ ಗಾಡಿಗೆ ನಾಲ್ಕು ಲಕ್ಷ ಹೇಳುತ್ತಿದ್ದಾರೆ ಎಂದುಕೊಳ್ಳೋಣ. ಬೆಲ್ಟ್ ಬದಲಿಸಿದ ಬಿಲ್ ಇಲ್ಲ (14,000), ಕ್ಲಚ್ ಜಾರುತ್ತಿದೆ (20,000), ಮುಂಭಾಗದಲ್ಲಿ ಸದ್ದಿದೆ (16,000), 16 ಇಂಚಿನ ನಾಲ್ಕೂ ಟೈರ್ ಸವೆದಿವೆ (34,000). ಒಟ್ಟು 84,000. ಈ ಪಟ್ಟಿಯನ್ನು ಮುಂದಿಟ್ಟು ಮಾತಾಡಿದರೆ ಚೌಕಾಸಿಗೆ ಆಧಾರ ಇರುತ್ತದೆ.

ಕೊಂಡ ಮೇಲೆ ಎಲ್ಲವನ್ನೂ ಒಂದೇ ಸಲ ಮಾಡಿಸಬೇಕಾಗಿಲ್ಲ. ಮೊದಲ ವಾರ ಟೈಮಿಂಗ್ ಬೆಲ್ಟ್, ಎಂಜಿನ್ ಆಯಿಲ್, ನಾಲ್ಕೂ ಫಿಲ್ಟರ್, ಕೂಲಂಟ್, ಬ್ರೇಕ್ ಆಯಿಲ್. ಟೈರುಗಳಲ್ಲಿ ಪೂರ್ತಿ ಬೋಳಾದವೂ ಆಗಲೇ. ಆ ಬಳಿಕ ಕ್ಲಚ್. ಸಸ್ಪೆನ್ಷನ್ ಸದ್ದನ್ನು ಕೆಲ ತಿಂಗಳು ಸಹಿಸಿಕೊಳ್ಳಬಹುದು, ಬಾಲ್ ಜಾಯಿಂಟ್ ಸಡಿಲಾಗಿಲ್ಲವೆಂದು ಮೆಕ್ಯಾನಿಕ್ ಖಚಿತಪಡಿಸಿದ್ದರೆ. ಇದೇ ಎಂಜಿನ್ ನಿಸಾನ್ ಟೆರಾನೊ, ಸನ್ನಿ, ರೆನೊ ಲಾಡ್ಜಿಗಳಲ್ಲೂ ಇರುವುದರಿಂದ ಎಂಜಿನ್ ಬಿಡಿಭಾಗಗಳು ದೊಡ್ಡ ನಗರಗಳಲ್ಲಿ ಸುಲಭವಾಗಿ ಸಿಗುತ್ತವೆ. ಬಂಪರ್, ಲೈಟ್, ಬಾಗಿಲಿನಂಥವಕ್ಕೆ ಕಾಯಬೇಕಾಗಬಹುದು, ಹೀಗಾಗಿ ಕೊಳ್ಳುವಾಗಲೇ ಅವು ಸರಿಯಿರುವ ಗಾಡಿಯನ್ನು ಆರಿಸಿಕೊಂಡರೆ ಅನುಕೂಲ.