ಜಾನಿ ಸೊಕ್ಕೊನ ದನಿ ಉಳಿಸುವ ಕೆಲಸ

ಹುಡುಗನೊಬ್ಬ ಕೈಗಡಿಯಾರದೊಳಗೆ ಮಾತಾಡಿದರೆ ಬೃಹದಾಕಾರದ ರೋಬೋ ಹಾರಿ ಬರುತ್ತದೆ. ದೂರದರ್ಶನವೊಂದೇ ಗತಿಯಾಗಿದ್ದ ಕಾಲದಲ್ಲಿ ಬೆಳೆದವರಿಗೆ ಈ ‘ಜಾನಿ ಸೊಕ್ಕೊ’ ನೆನಪಿರಬಹುದು. ನಾನದನ್ನು ಮತ್ತೆ ಕಂಡದ್ದು ಅಮೆರಿಕದಲ್ಲಿ ಕೆಲಸಕ್ಕಿದ್ದಾಗ, ಹಳೆಯ ವಿಎಚ್‌ಎಸ್ ಟೇಪು ಕೂಡಿಡುವ ಕೆಲವರ ಸಹವಾಸಕ್ಕೆ ಬಿದ್ದ ಮೇಲೆ. ವಾರಾಂತ್ಯಗಳಲ್ಲಿ ಅವರ ನೆಲಮಾಳಿಗೆಯಲ್ಲಿ ಕೂತು ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೂಲದಲ್ಲಿ ಅದು ‘ಜೈಂಟ್ ರೋಬೋ’. ಮಿತ್ಸುತೆರು ಯೊಕೊಯಾಮರ ಕಾಮಿಕ್ಸ್ ಆಧರಿಸಿ ಜಪಾನಿನ ತೋಯಿ ಕಂಪನಿ ತೆಗೆದ 26 ಕಂತುಗಳ ಸರಣಿ. 1967ರ ಅಕ್ಟೋಬರಿನಿಂದ ಮರುವರ್ಷದ ಏಪ್ರಿಲ್ ತನಕ ಪ್ರಸಾರವಾಯಿತು. ಅಮೆರಿಕನ್ ಇಂಟರ್‌ನ್ಯಾಷನಲ್ ಸಂಸ್ಥೆ ಅದನ್ನು ಇಂಗ್ಲಿಷಿಗೆ ಡಬ್ ಮಾಡಿಸಿದಾಗ ದೈಸಾಕು ಎಂಬ ಹುಡುಗ ಜಾನಿಯಾದ, ಶೀರ್ಷಿಕೆ ಗೀತೆಯ ಹಾಡಿಕೆ ಹೋಗಿ ಬರೀ ವಾದ್ಯ ಉಳಿಯಿತು. ಜಾನಿಗೆ ದನಿ ಕೊಟ್ಟವರು ಬಾಬಿ ಬೈಯರ್ಸ್ ಎಂಬ ಮಹಿಳೆ. ಸಾಲದೆಂಬಂತೆ ಕೆಲವು ಕಂತುಗಳನ್ನು ಕತ್ತರಿಸಿ ಜೋಡಿಸಿ ‘ವಾಯೇಜ್ ಇಂಟು ಸ್ಪೇಸ್’ ಎಂಬ ಟಿವಿ ಸಿನಿಮಾವನ್ನೂ ಮಾಡಿದರು. ಕಥೆಯ ದೃಷ್ಟಿಯಿಂದ ಅದೊಂದು ಅವಾಂತರ. ಆದರೆ ಎಷ್ಟೋ ಅಮೆರಿಕನ್ನರಿಗೆ ಗೊತ್ತಿದ್ದದ್ದು ಅದೊಂದೇ.

ಆ ಕಾಲಕ್ಕೆ ವಿಡಿಯೊ ಟೇಪು ದುಬಾರಿ. ಜಪಾನಿನ ಎನ್‌ಎಚ್‌ಕೆ ಸೇರಿದಂತೆ ಟಿವಿ ಸಂಸ್ಥೆಗಳು ಹಳೆಯ ಕಾರ್ಯಕ್ರಮ ಅಳಿಸಿ ಅದೇ ಟೇಪಿನ ಮೇಲೆ ಹೊಸದನ್ನು ತುಂಬಿಕೊಳ್ಳುತ್ತಿದ್ದವು. ಜೈಂಟ್ ರೋಬೋನಂಥವನ್ನು ಚಿತ್ರಿಸಿದ್ದು ಫಿಲ್ಮಿನಲ್ಲಿ. ಅದಕ್ಕೇ ಅವು ಉಳಿದುಕೊಂಡವು. ಹಾಗಾದರೆ ಅಭಿಮಾನಿಗಳಿಗೆ ಉಳಿಸಲು ಏನಿದೆ ಎಂದು ನಾನೂ ಕೇಳಿದ್ದೆ. ಉತ್ತರ ಸಿಕ್ಕಿದ್ದು ಕಿವಿಗೆ. ಜಪಾನಿ ಪ್ರತಿಯಲ್ಲಿ ಚಿತ್ರ ಚೊಕ್ಕವಾಗಿದೆ, ಬಾಬಿ ಬೈಯರ್ಸ್ ಇಲ್ಲ. ಆಕೆಯ ಮಾತು ಇದ್ದದ್ದು ಅಮೆರಿಕದ ಸ್ಟೇಷನ್ನುಗಳಿಗೆ ಹೋದ ಪ್ರಿಂಟುಗಳಲ್ಲಿ, ಪ್ರೇಕ್ಷಕರು ಮನೆಯಲ್ಲಿ ರೆಕಾರ್ಡ್ ಮಾಡಿಕೊಂಡ ಟೇಪುಗಳಲ್ಲಿ. ಆ ಪ್ರಿಂಟುಗಳಲ್ಲೂ ಬಣ್ಣ ಮಾಸಿ ಎಲ್ಲವೂ ಗುಲಾಬಿಗೆ ತಿರುಗಿದ್ದವು ಬೇಕಾದಷ್ಟು. ಜಾಹೀರಾತಿಗೆ ಜಾಗ ಮಾಡಲು ಸ್ಟೇಷನ್ನಿನವರು ಕಂತನ್ನೇ ಕತ್ತರಿಸುತ್ತಿದ್ದರು. ಹಾಗಾಗಿ ಎರಡು ಊರಿನ ಟೇಪುಗಳನ್ನು ಅಕ್ಕಪಕ್ಕ ಇಟ್ಟರೆ ಒಂದರಲ್ಲಿಲ್ಲದ ಮಾತು ಇನ್ನೊಂದರಲ್ಲಿ ಸಿಗುತ್ತಿತ್ತು.

ದನಿಯ ಬೆಲೆ ಬ್ರಿಟನ್ನಿನ ಅಭಿಮಾನಿಗಳಿಗೆ ಮೊದಲೇ ಗೊತ್ತಿತ್ತು. ‘ಡಾಕ್ಟರ್ ಹೂ’ ಸರಣಿಯ ಅರವತ್ತರ ದಶಕದ ಎಷ್ಟೋ ಕಂತುಗಳ ಚಿತ್ರವನ್ನು ಬಿಬಿಸಿ ಕಳೆದುಕೊಂಡಿತು. ಪ್ರೇಕ್ಷಕರು ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡಿದ್ದರಿಂದ ಅವುಗಳ ಧ್ವನಿ ಮಾತ್ರ ಪೂರ್ತಿ ಉಳಿದಿದೆ.

ಕೆಲಸಕ್ಕೆ ಕೂತಾಗ ಮೊದಲು ಕಲಿಯಬೇಕಾದದ್ದು ಕೈ ಕಟ್ಟಿಕೊಂಡಿರುವುದನ್ನು. ಟೇಪಿನಿಂದ ಬಂದ ಸಿಗ್ನಲ್ಲನ್ನು ಅದರ ಅಲುಗಾಟ ಸರಿಪಡಿಸುವ ಟೈಮ್‌ಬೇಸ್ ಕರೆಕ್ಟರ್ ಎಂಬ ಯಂತ್ರದ ಮೂಲಕ ಹಾಯಿಸಿ, ಗುಣಮಟ್ಟ ಕುಂದದ ಫೈಲಾಗಿ, ಗೀರು ಗೊರಕೆಗಳ ಸಮೇತ ಹಾಗೇ ಇಟ್ಟುಬಿಡಬೇಕು. ಚೆಂದ ಮಾಡುವುದೆಲ್ಲ ಅದರ ನಕಲಿನ ಮೇಲೆ. ನಮ್ಮ ಗುಂಪಿನ ಒಬ್ಬರಿಗೆ ಕಾಳು ಕಾಳಾಗಿ ಕಾಣುವುದನ್ನೆಲ್ಲ ಒರೆಸುವ ಚಟ. ಒರೆಸಿ ಒರೆಸಿ ಜಾನಿಯ ಮುಖ ಮೇಣದ ಬೊಂಬೆಯಂತಾಗಿತ್ತು. ಅದೇ ಚಂದ ಎಂದು ಅವರು ಈಗಲೂ ವಾದಿಸುತ್ತಾರೆ, ನಾನು ಒಪ್ಪುವುದಿಲ್ಲ. ಈಗಿನ ಎಐ ತಂತ್ರಾಂಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇಲ್ಲದ ಹುಬ್ಬು ಮೂಗು ಬರೆದುಬಿಡುತ್ತವೆ. ಅದು ಸಂರಕ್ಷಣೆಯಲ್ಲ, ಹೊಸ ಚಿತ್ರ.

ವೇಗದ ತಕರಾರು ಬೇರೆ. ಫಿಲ್ಮು ಸೆಕೆಂಡಿಗೆ 24 ಚೌಕಟ್ಟು. ನಮ್ಮ ದೇಶದ ಪ್ಯಾಲ್ ಪದ್ಧತಿಯಲ್ಲಿ 25. ಫಿಲ್ಮನ್ನು ಹಾಗೇ 25ರಲ್ಲಿ ಓಡಿಸಿದರೆ ಕಾರ್ಯಕ್ರಮ ನೂರಕ್ಕೆ ನಾಲ್ಕರಷ್ಟು ಬೇಗ ಮುಗಿಯುತ್ತದೆ, ದನಿ ಕೊಂಚ ಏರುತ್ತದೆ. ಅಂಥ ಟೇಪಿನ ಧ್ವನಿಯನ್ನು ಅಮೆರಿಕದ ಚಿತ್ರಕ್ಕೆ ಜೋಡಿಸುವಾಗ ಮೊದಲು ವೇಗ ತಗ್ಗಿಸಬೇಕು. ಇಲ್ಲವಾದರೆ ರೋಬೋ ಗುದ್ದುವ ಮೊದಲೇ ಸದ್ದು ಬಂದಿರುತ್ತದೆ.

2013ರಲ್ಲಿ ಇಂಗ್ಲಿಷ್ ಆವೃತ್ತಿ ಪೂರ್ತಿಯಾಗಿ ಡಿವಿಡಿಯಲ್ಲಿ ಬಂತು. ನಾವೆಲ್ಲ ದುಡ್ಡು ಕೊಟ್ಟೇ ಕೊಂಡೆವು. ಹಕ್ಕುದಾರರ ಸರಕನ್ನು ಮಾರಿಕೊಳ್ಳುವುದು ಉಳಿಸುವವರ ಕೆಲಸವಲ್ಲ ಎಂಬುದರಲ್ಲಿ ಗುಂಪಿನಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಆದರೂ ಯಾರೂ ಟೇಪು ಎಸೆಯಲಿಲ್ಲ. ಯಾವ ಊರಿನಲ್ಲಿ ಕಂತು ಎಲ್ಲಿ ತುಂಡಾಗುತ್ತಿತ್ತು, ನಡುವೆ ಯಾವ ಜಾಹೀರಾತು ಬರುತ್ತಿತ್ತು, ಇದ್ಯಾವುದೂ ಡಿವಿಡಿಯಲ್ಲಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ದೂರದರ್ಶನದಿಂದ ಹಿಡಿದಿಟ್ಟ ಕ್ಯಾಸೆಟ್ಟುಗಳಿರಬಹುದು. ಸಿಕ್ಕ ತಕ್ಷಣ ವಿಸಿಆರಿಗೆ ತುರುಕಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಟೇಪಿಗೆ ಬಿಳಿ ಬೂಷ್ಟು ಬಂದಿರುತ್ತದೆ. ಅದು ಯಂತ್ರದ ಹೆಡ್ಡಿಗೆ ಮೆತ್ತಿ ಮುಂದಿನ ಟೇಪಿಗೂ ಅಂಟುತ್ತದೆ. ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ, ಮೇಲಿನ ಬರಹದ ಫೋಟೊ ತೆಗೆದುಕೊಳ್ಳಿ, ಗೊತ್ತಿರುವವರ ಕೈಯಲ್ಲಿ ನಕಲು ಮಾಡಿಸಿ. ಜಾಹೀರಾತು ಮಾತ್ರ ದಯವಿಟ್ಟು ಕತ್ತರಿಸಬೇಡಿ.