ಮಾರ್ಚಿಗಂಟ ಅದೆ

ಈ ಅಂಕಣ ಬರೆಯುವಾತ ಕೊಳ್ಳೇಗಾಲದಲ್ಲಿ ಹಳೇ ಕಾರು ಕೊಂಡ ದಿನ ಟೈರು ಒತ್ತಿ ನೋಡಿದ, ಬಾನೆಟ್ ಎತ್ತಿಸಿದ, ಮೆಕ್ಯಾನಿಕ್‌ನನ್ನು ಕೂರಿಸಿಕೊಂಡು ಯಳಂದೂರಿನವರೆಗೆ ಓಡಿಸಿಯೂ ಬಂದ. ವಿಮಾ ಪಾಲಿಸಿಯನ್ನು ಮಾತ್ರ ಬಿಚ್ಚಿ ಓದಲಿಲ್ಲ. ‘ಇನ್ಸೂರೆನ್ಸು ಮಾರ್ಚಿಗಂಟ ಅದೆ ಕನಾ ಸಾ’ ಎಂದರು ದಲ್ಲಾಳಿ. ಸುಳ್ಳೇನಲ್ಲ, ಇತ್ತು. ಹಳೇ ಮಾಲೀಕರ ಹೆಸರಿನಲ್ಲಿ.

ಫಾರಂ 29, 30ಕ್ಕೆ ಸಹಿ ಬಿದ್ದು ಆರ್‌ಸಿ ಅವನ ಹೆಸರಿಗೆ ಬಂತು. ಎರಡು ತಿಂಗಳ ಮೇಲೆ ಹನೂರು ದಾಟಿ ಮಾದಪ್ಪನ ಬೆಟ್ಟ ಹತ್ತುವಾಗ, ಇಳಿದು ಬರುತ್ತಿದ್ದ ಬಸ್ಸಿಗೆ ಜಾಗ ಬಿಡಲು ಹೋಗಿ ತಿರುವಿನ ತಡೆಗೋಡೆಗೆ ಉಜ್ಜಿದ. ಎಡಬದಿಯ ಎರಡೂ ಬಾಗಿಲು ನಜ್ಜುಗುಜ್ಜು. ತಪ್ಪು ಅವನದೇ. ವಿಮಾ ಕಂಪನಿ ಕ್ಲೇಮು ತಿರಸ್ಕರಿಸಿತು. ಇಪ್ಪತ್ತು ಸಾವಿರ ದಾಟಿದ ಗ್ಯಾರೇಜ್ ಬಿಲ್ಲು ಜೇಬಿನಿಂದಲೇ ಹೋಯಿತು.

ಕಂಪನಿಯ ಮೇಲೆ ಹಾರಾಡಿದ ಮೇಲೆ ಅವನು ಕಾಯ್ದೆ ಓದಿದ. ಮೊದಲೇ ಓದಬೇಕಿತ್ತು ಅನ್ನಿ. 1988ರ ಮೋಟಾರು ವಾಹನ ಕಾಯ್ದೆಯ 157ನೇ ಕಲಮಿನ ಪ್ರಕಾರ ಗಾಡಿ ಕೈಬದಲಾದರೆ ವಿಮೆಯೂ ಜೊತೆಗೇ ಹೋಗುತ್ತದೆ. ಕೊಂಡವರು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಆದರೆ ಹಾಗೆ ತಾನಾಗಿ ಬರುವುದು ಥರ್ಡ್ ಪಾರ್ಟಿ ರಕ್ಷಣೆ ಮಾತ್ರ, ಅಂದರೆ ನಮ್ಮ ಗಾಡಿಯಿಂದ ಇನ್ನೊಬ್ಬರಿಗಾಗುವ ಹಾನಿಯದು. ಸ್ವಂತ ಕಾರಿನ ಬಾಗಿಲಿಗೆ ಅದು ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 1990ರ ದಶಕದಲ್ಲೇ ಹೇಳಿದೆ. ಕ್ಲೇಮು ಮಾಡದೆ ಗಳಿಸಿದ ಶೇ 50ರವರೆಗಿನ ರಿಯಾಯಿತಿಯೂ ಮಾರಿದವರದು, ಕಾರಿನದಲ್ಲ.

ಈ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಹೊಸ ಗಾಡಿ ನೋಂದಣಿಯಾಗುವುದಿಲ್ಲ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ 3 ವರ್ಷದ್ದು, ಬೈಕಿಗೆ 5 ವರ್ಷದ್ದು ಒಟ್ಟಿಗೇ ಕಟ್ಟಬೇಕು. 2022ರ ಜೂನ್‌ನಲ್ಲಿ ನಿಗದಿಯಾದ ವಾರ್ಷಿಕ ದರ, ತೆರಿಗೆ ಬಿಟ್ಟು, 1,000 ಸಿಸಿವರೆಗಿನ ಕಾರಿಗೆ 2,094 ರೂಪಾಯಿ, 1,500 ಸಿಸಿವರೆಗೆ 3,416. ವಿಮೆಯಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎರಡನೇ ಸಲ ದಂಡ 4,000.

ಹನೂರಿನಲ್ಲಿ ಟೀ ಕುಡಿಯುತ್ತ ಇದನ್ನೆಲ್ಲ ಹೇಳಿದರೆ ಜನ ದಂಡದ ಲೆಕ್ಕವನ್ನಷ್ಟೇ ಹಾಕುತ್ತಾರೆ. ದೊಡ್ಡ ಲೆಕ್ಕ ಬೇರೆಯೇ ಇದೆ. ಶಿವರಾತ್ರಿ, ದೀಪಾವಳಿ ಜಾತ್ರೆ ಬಂದರೆ ಗೂಡ್ಸ್ ಆಟೊದ ಹಿಂದೆ ತಾರ್ಪಾಲು ಹಾಸಿ ಇಡೀ ಮನೆಯವರು ಬೆಟ್ಟಕ್ಕೆ ಹೊರಡುವುದುಂಟು. ಸರಕಿನ ಗಾಡಿಯಲ್ಲಿ ಹಾಗೆ ಕೂತವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿದೆ. ಸರಕಿನ ಜೊತೆ ಹೋಗುವ ಅದರ ಮಾಲೀಕರಿಗೆ, ಇಲ್ಲವೇ ಅವರು ಕಳಿಸಿದ ಅಧಿಕೃತ ಪ್ರತಿನಿಧಿಗಷ್ಟೇ ವಿನಾಯಿತಿ. ಗಾಡಿ ಪಲ್ಟಿಯಾದರೆ ಪರಿಹಾರ ಕಟ್ಟಲು ಆಟೊ ಇಟ್ಟವನು ಗದ್ದೆ ಮಾರಬೇಕಾದೀತು. ಬರೀ ಥರ್ಡ್ ಪಾರ್ಟಿ ವಿಮೆಯಿರುವ ಬೈಕಿನಲ್ಲಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರೂ ಕೇಳಿ: ಆ ಪಾಲಿಸಿ ಹಿಂದೆ ಕೂತವರಿಗೆ ಅನ್ವಯಿಸುವುದಿಲ್ಲ. ಇದು 2006ರ ತೀರ್ಪು.

ದೀಪಾವಳಿ ಕಳೆದ ಮೇಲೆ ಅಂಕಣಕಾರ ಅದೇ ಕಾರನ್ನು ಯಳಂದೂರಿನವರೊಬ್ಬರಿಗೆ ಮಾರಿದ. ಆರ್‌ಸಿಯಲ್ಲಿ ಹೆಸರಿದ್ದವರೇ ಮಾಲೀಕರು, ಅಪಘಾತದ ಹೊಣೆಯೂ ಅವರದೇ ಎಂಬ 2018ರ ತೀರ್ಪು ಈಗ ಅವನಿಗೆ ಗೊತ್ತು. ಹತ್ತನೇ ದಿನಕ್ಕೇ ಫೋನು ಮಾಡಿ ಆರ್‌ಸಿ ಎಲ್ಲಿಗೆ ಬಂತು, ಪಾಲಿಸಿ ಹೆಸರು ಬದಲಾಯಿತೇ ಎಂದು ಕೇಳಿದ.

‘ಮಾರ್ಚಿಗಂಟ ಅದೆಯಲ್ಲ ಸಾ, ನೀವೇ ಕಟ್ಟಿರೋದು!’

ಮಾರನೇ ಬೆಳಿಗ್ಗೆ ಅರ್ಜಿ ಹಿಡಿದುಕೊಂಡು ಅವನೇ ಯಳಂದೂರಿನ ಬಸ್ಸು ಹತ್ತಿದ.