ಪೈಪಿನ ಸೊಲ್ಯುಷನ್ ವಿಮಾನದ ಮಾದರಿಗೆ ಆಗುತ್ತದೆಯೇ?

ಪ್ರಶ್ನೆ: ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ ಟುಪೊಲೆವ್ ವಿಮಾನ ನೋಡಿ ಬಂದ ಮೇಲೆ ಮಗಳಿಗೆ ಅದೇ ಹುಚ್ಚು. ದುಬೈಯಲ್ಲಿರುವ ನನ್ನ ತಮ್ಮ ಅದರ ಪ್ಲಾಸ್ಟಿಕ್ ಕಿಟ್ ತಂದುಕೊಟ್ಟಿದ್ದಾನೆ. ಒಳಗೆ ಅಂಟು ಇಲ್ಲ. ಒಂದೇ ಹನಿಗೆ ಹಿಡಿಯುವ ಗಮ್ ಹಾಕಿ ನೋಡಿದೆವು, ಸುತ್ತ ಬೆಳ್ಳಗೆ ಬೂಷ್ಟು ಬಂದಂತಾಯಿತು. ತೋಟದ ಪೈಪಿಗೆ ಹಚ್ಚುವ ಸೊಲ್ಯುಷನ್ ಮನೆಯಲ್ಲೇ ಇದೆ, ಹಾಕಬಹುದೇ? ನೀರಿನಂಥ ಅಂಟು ಬರುತ್ತದಂತಲ್ಲ, ಅದು ಏನು?
– ಓದುಗರು, ಮಾವಳ್ಳಿ

ಉತ್ತರ: ಪೈಪಿನ ಸೊಲ್ಯುಷನ್ ಬೇಡ. ಅದು ಹಿಡಿಯುವುದಿಲ್ಲವೆಂದಲ್ಲ, ಅತಿಯಾಗಿ ಹಿಡಿಯುತ್ತದೆ. ಅದರಲ್ಲಿ ಟೆಟ್ರಾಹೈಡ್ರೋಫ್ಯುರಾನ್, ಸೈಕ್ಲೋಹೆಕ್ಸನೋನ್‌ನಂಥ ಖಾರದ ದ್ರಾವಕಗಳ ಜೊತೆಗೆ ಕರಗಿಸಿದ ಪಿವಿಸಿಯೂ ಇರುತ್ತದೆ. ಅಡಿಕೆ ತೋಟದಲ್ಲಿ ನೀರಿನ ಒತ್ತಡ ತಡೆಯಬೇಕಾದ ದಪ್ಪ ಪೈಪಿಗೆ ಅದು ಸರಿ. ನಿಮ್ಮ ಮಗಳ ವಿಮಾನಕ್ಕೆ ನಾಲ್ಕು ಎಂಜಿನ್, ಒಂದೊಂದಕ್ಕೆ ಹಿಂದೆ-ಮುಂದೆ ಎರಡು ಪ್ರೊಪೆಲರ್, ಒಂದೊಂದು ಪ್ರೊಪೆಲರಿಗೆ ನಾಲ್ಕು ಎಸಳು. ಒಟ್ಟು 32. ಕಿಟ್ 1:144ರ ಅಳತೆಯದಾದರೆ ಒಂದು ಎಸಳು ಎರಡು ಸೆಂಟಿಮೀಟರಿನಷ್ಟೂ ಉದ್ದ ಬರುವುದಿಲ್ಲ. ಅದರ ಮೇಲೆ ಆ ನೂಲು ನೂಲಾಗಿ ಎಳೆಯುವ ಸೊಲ್ಯುಷನ್ ಬಿದ್ದರೆ ಎಸಳಿನ ಆಕಾರವೇ ಉಳಿಯುವುದಿಲ್ಲ.

ನೀರಿನಂಥ ಅಂಟಿನ ಕೆಲಸ ತಿಳಿಯಬೇಕಾದರೆ ಕಿಟ್ಟಿನ ಪ್ಲಾಸ್ಟಿಕ್ ಯಾವುದೆಂದು ತಿಳಿಯಬೇಕು. ಅದು ಪಾಲಿಸ್ಟೈರೀನ್. ಮೀನಿಗೆ ಐಸ್ ಹಾಕಿ ಕಳಿಸುವ ಥರ್ಮೊಕೋಲ್ ಪೆಟ್ಟಿಗೆಯೂ ಅದೇ ವಸ್ತು, ಗಾಳಿ ತುಂಬಿ ಉಬ್ಬಿಸಿದ್ದು. ಚೌತಿಗೆ ಮಂಟಪ ಕಟ್ಟಿದವರು ಕಂಡಿರುತ್ತೀರಿ, ಸ್ಪ್ರೇ ಬಣ್ಣ ಹೊಡೆದರೆ ಥರ್ಮೊಕೋಲ್ ತೂತು ತೂತಾಗಿ ಕುಸಿಯುತ್ತದೆ. ಬಣ್ಣದೊಳಗಿನ ದ್ರಾವಕ ಪಾಲಿಸ್ಟೈರೀನನ್ನು ಮೆತ್ತಗೆ ಮಾಡುತ್ತದೆ, ಒಳಗಿನ ಗಾಳಿ ಹೊರಬೀಳುತ್ತದೆ. ಮಂಟಪದಲ್ಲಿ ತಲೆನೋವಾದ ಈ ಗುಣವೇ ಮಾದರಿ ಕಟ್ಟುವವರಿಗೆ ಅನುಕೂಲ.

ಟಮಿಯಾ ಕಂಪನಿಯ ಹಸಿರು ಮುಚ್ಚಳದ ಎಕ್ಸ್‌ಟ್ರಾ ಥಿನ್ ಸಿಮೆಂಟ್ ಈ ಜಾತಿಯಲ್ಲಿ ಹೆಸರುವಾಸಿ. 40 ಮಿಲಿಲೀಟರಿನ ಗಾಜಿನ ಬಾಟಲಿ, ಮುಚ್ಚಳಕ್ಕೇ ಸಣ್ಣ ಬ್ರಷ್. ಒಳಗಿರುವುದು ಮುಖ್ಯವಾಗಿ ಅಸಿಟೋನ್ ಮತ್ತು ಬ್ಯೂಟೈಲ್ ಅಸಿಟೇಟ್. ದ್ರವ ತಾಗಿದ ಕಡೆ ಎರಡೂ ಭಾಗಗಳ ಮೇಲ್ಮೈ ಮೆತ್ತಗಾಗಿ, ಆ ಕಡೆಯ ಪಾಲಿಸ್ಟೈರೀನ್ ಅಣುಸರಪಳಿಗಳು ಈ ಕಡೆಯವುಗಳೊಂದಿಗೆ ಹೆಣೆದುಕೊಳ್ಳುತ್ತವೆ. ಆಮೇಲೆ ದ್ರಾವಕ ಆರಿಹೋಗುತ್ತದೆ. ಉಳಿಯುವುದು ಪ್ಲಾಸ್ಟಿಕ್ ಮಾತ್ರ. ಅಂದರೆ ಇದು ಬೆಸುಗೆ.

ಹಚ್ಚುವ ಕ್ರಮವೂ ಬೇರೆ. ಮೊದಲು ಅಂಟು ಸವರಿ ಆಮೇಲೆ ಜೋಡಿಸುವುದಲ್ಲ. ಎರಡೂ ಭಾಗಗಳನ್ನು ಒಣದಾಗಿಯೇ ಕೂಡಿಸಿ ಹಿಡಿದು, ಬ್ರಷ್ಷಿನ ತುದಿಯನ್ನು ಸಂದಿಗೆ ಸುಮ್ಮನೆ ಮುಟ್ಟಿಸಿ. ದೀಪದ ಬತ್ತಿಗೆ ಎಣ್ಣೆ ಏರುವಂತೆ ದ್ರವ ತಾನೇ ಸಂದಿನುದ್ದಕ್ಕೂ ಓಡುತ್ತದೆ. ಮಕ್ಕಳಿಗೆ ಇದನ್ನು ನೋಡುವುದೇ ಒಂದು ಆಟ. ಆದರೆ ಸಂದಿನ ಮೇಲೆ ಬೆರಳಿದ್ದರೆ ದ್ರವ ಬೆರಳಿನಡಿಗೂ ನುಸುಳುತ್ತದೆ, ಬೆರಳಚ್ಚು ವಿಮಾನದ ಮೈಮೇಲೆ ಕಾಯಂ. ಹಾಗಾಗಿ ಬೆರಳು ಸಂದಿನಿಂದ ದೂರ ಇರಲಿ. ಹಿಡಿದ ಮೇಲೆ ಅರ್ಧ ನಿಮಿಷ ಮೆಲ್ಲಗೆ ಒತ್ತಿದರೆ ಕರಗಿದ ಪ್ಲಾಸ್ಟಿಕ್ಕಿನ ತೆಳು ಏಣು ಸಂದಿನಿಂದ ಹೊರಗೆ ಉಕ್ಕುತ್ತದೆ. ಅದನ್ನು ಒರೆಸಬೇಡಿ. ಮಾರನೆಯ ದಿನ ಬ್ಲೇಡಿನಿಂದ ಕೆರೆದು ನಯವಾದ ಸ್ಯಾಂಡ್ ಪೇಪರ್ ಉಜ್ಜಿದರೆ ಜೋಡಣೆಯ ಗೆರೆಯೇ ಕಾಣುವುದಿಲ್ಲ. ಅವಸರದವರು ಕೆಡಿಸಿಕೊಳ್ಳುವುದು ಇಲ್ಲೇ: ಒಳಗೆ ಇನ್ನೂ ಮೆತ್ತಗಿರುವಾಗ ಉಜ್ಜಿದರೆ ಗೆರೆ ಮತ್ತೆ ಗುಳಿಬೀಳುತ್ತದೆ.

ಸಂದಿ ದೊಡ್ಡದಿದ್ದರೆ ಕಿಟ್ಟಿನ ಬಿಡಿಭಾಗಗಳನ್ನು ಹೊತ್ತ ಪ್ಲಾಸ್ಟಿಕ್ ಕಡ್ಡಿಗಳನ್ನು ಎಸೆಯದೆ ಸಣ್ಣಗೆ ಕತ್ತರಿಸಿ, ಗಾಜಿನ ಶೀಶೆಯಲ್ಲಿ ಇದೇ ದ್ರವಕ್ಕೆ ಹಾಕಿಡಿ. ಒಂದು ರಾತ್ರಿಯಲ್ಲಿ ಪಾಯಸದ ಹದಕ್ಕೆ ಬರುತ್ತದೆ, ಸಂದಿಗೆ ತುಂಬಬಹುದು.

ಬಣ್ಣದ ಮೇಲೆ ಇದು ಹಿಡಿಯದು. ಜೋಡಿಸುವ ಅಂಚಿನಲ್ಲಿ ಬಣ್ಣವಿದ್ದರೆ ಮೊದಲು ಕೆರೆಯಿರಿ. ಮರ, ಲೋಹ, ನೈಲಾನ್, ಬಕೆಟ್ ಮಾಡುವ ಪಾಲಿಥೀನ್ ಇವಕ್ಕೂ ನಿಷ್ಪ್ರಯೋಜಕ. ಕಾಕ್‌ಪಿಟ್ಟಿನ ಪಾರದರ್ಶಕ ಗಾಜು ಪಾಲಿಸ್ಟೈರೀನೇ ಆದರೂ ಅಲ್ಲಿ ಒಂದು ಹನಿ ಹೆಚ್ಚಾದರೂ ಮಬ್ಬಾಗುತ್ತದೆ. ಅದಕ್ಕೆ ನಮ್ಮ ಮಾಮೂಲಿ ಫೆವಿಕಾಲ್ ಸಾಕು, ಒಣಗಿದರೆ ಕಾಣುವುದಿಲ್ಲ. ಇನ್ನೊಂದು: ಈ ವಿಮಾನಕ್ಕೆ ಮೂಗಿನಡಿಯಲ್ಲೂ ಗಾಲಿ. ಮೂಗಿನೊಳಗೆ ಭಾರ ಇಡದೆ ಮುಚ್ಚಿದರೆ ಬಾಲ ಕೆಳಗಿಟ್ಟು ಕೂರುತ್ತದೆ. ನಿಮ್ಮ ಊರಲ್ಲಿ ಬಲೆಗೆ ಕಟ್ಟುವ ಸೀಸದ ಗುಂಡಿಗೆ ಬರವಿಲ್ಲ, ಎರಡು ಮೂರು ಒಳಗಿಡಿ, ಆದರೆ ಅರಾಲ್ಡೈಟ್‌ನಲ್ಲಿ ಕೂರಿಸಿ, ಸೀಸ ಮುಟ್ಟಿದ ಕೈ ತೊಳೆಯಿರಿ.

ನೀವು ಕಂಡ ಬಿಳಿ ಬೂಷ್ಟು ಸಯನೋಅಕ್ರಿಲೇಟ್ ಅಂಟಿನ ಆವಿ. ಆ ಅಂಟು ಗಟ್ಟಿಯಾಗುವುದು ಗಾಳಿಯ ತೇವದಿಂದ. ಅದರ ಆವಿಯೂ ತೇವ ತಗುಲಿ ಪಕ್ಕದಲ್ಲೇ ಬಿಳಿ ಪುಡಿಯಾಗಿ ಕೂರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಈ ಕಾಟ ಹೆಚ್ಚು. ದ್ರಾವಕದ ಅಂಟಿಗೆ ಒಣಗಲು ತೇವ ಬೇಡ.

ಉಗುರು ಬಣ್ಣ ತೆಗೆಯುವ ದ್ರವ ನಡೆಯದೇ ಎಂದು ಮುಂದಿನ ಪತ್ರದಲ್ಲಿ ಕೇಳುವಿರಿ. ನಡೆಯುವುದಿಲ್ಲ. ಬರಿಯ ಅಸಿಟೋನ್ ಬೆಸೆಯುವ ಮೊದಲೇ ಹಾರಿಹೋಗುತ್ತದೆ, ಜೊತೆಗೆ ಬೆರೆಸಿದ ಎಣ್ಣೆ, ಪರಿಮಳ ಮುಂದೆ ಬಣ್ಣ ಹಿಡಿಯಲು ಬಿಡುವುದಿಲ್ಲ.

ನಿಮ್ಮ ತಮ್ಮ ಅಂಟು ತಾರದಿದ್ದುದು ಮರೆವಿನಿಂದಲ್ಲ ಎಂದುಕೊಳ್ಳೋಣ. ಬೆಂಕಿ ಹತ್ತುವ ದ್ರವವನ್ನು ವಿಮಾನದ ಲಗೇಜಿನಲ್ಲಿ ಬಿಡುವುದಿಲ್ಲ. ಮಾದರಿ ಕಿಟ್ ಮಾರುವ ಅಂಗಡಿಯಿಂದ ರಸ್ತೆ ಮಾರ್ಗದ ಪಾರ್ಸೆಲ್‌ನಲ್ಲಿ ತರಿಸಿ. ಇದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡು ದೂರದ ಕಿಡಿಯನ್ನೂ ತಲುಪುತ್ತದೆ. ಆದ್ದರಿಂದ ಗ್ಯಾಸ್ ಒಲೆ, ದೇವರ ದೀಪ, ಸೊಳ್ಳೆ ಬತ್ತಿ ಇರುವ ಕೋಣೆಯಲ್ಲಿ ಬಾಟಲಿ ತೆರೆಯಬೇಡಿ. ಜಗಲಿಯಲ್ಲಿ ಕೂರಿ, ಒಂದು ಸಲ ಬ್ರಷ್ ಅದ್ದಿದ ಕೂಡಲೇ ಮುಚ್ಚಳ ಹಾಕಿ, ಮಗಳು ಚಿಕ್ಕವಳಾದರೆ ಬ್ರಷ್ ಹಿಡಿಯುವ ಕೆಲಸ ನಿಮ್ಮದೇ ಇರಲಿ.